ಕಡಲಮೇಲಣ ಎಣ್ಣೆಯ ಪೊರೆ

ಎಣ್ಣೆಯೂ ನೀರೂ ಕೂಡಿ ಬಾಳವೆಂಬುದು ಅಡಿಗೆಮನೆಯನ್ನು ಕಂಡವರಿಗೆಲ್ಲ ತಿಳಿದ ಸಂಗತಿ. ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ಸಣ್ಣ ಸಣ್ಣ ಬಿಲ್ಲೆಗಳಾಗಿ ತೇಲುತ್ತದೆ. ಬೇಡವೆನಿಸಿದರೆ ಸೌಟಿನಿಂದ ಅದನ್ನು ಎತ್ತಿ ತೆಗೆಯಲೂಬಹುದು. ಇದನ್ನು ಬಲ್ಲವರಿಗೆ, ಒಡೆದ ಹಡಗಿನಿಂದ ಕಡಲಿಗೆ ಸುರಿದ ಎಣ್ಣೆಯನ್ನು ತೆಗೆಯುವುದೇನು ಮಹಾ ಕಷ್ಟವೆಂದು ತೋರಬಹುದು. ಎಣ್ಣೆ ನೀರಿನಲ್ಲಿ ಕರಗಿಹೋಗುವ ವಸ್ತುವಲ್ಲ. ಸಾಮಾನ್ಯವಾಗಿ ಮುಳುಗುವುದೂ ಇಲ್ಲ. ಕಣ್ಣಿಗೆ ಕಾಣುವಂತೆ ಮೇಲೆಯೇ ತೇಲುತ್ತಿರುತ್ತದೆ. ಹಾಲಿನ ಕೆನೆಯನ್ನು ತೆಗೆದಂತೆ ತೆಗೆದುಬಿಟ್ಟರೆ ಆಯಿತಲ್ಲವೆ?

ಅನುಭವವು ಬೇರೆಯದನ್ನೇ ಹೇಳುತ್ತದೆ. 2010ನೆಯ ಇಸವಿಯ ಏಪ್ರಿಲ್ 20ರಂದು ಅಮೆರಿಕ ಸಂಯುಕ್ತ ಸಂಸ್ಥಾನಗಳ ದಕ್ಷಿಣಕ್ಕಿರುವ ಮೆಕ್ಸಿಕೋ ಕೊಲ್ಲಿಯಲ್ಲಿ ‘ಡೀಪ್‌ವಾಟರ್ ಹೊರೈಜನ್’ ಎಂಬ, ತೈಲಬಾವಿ ಕೊರೆಯುವ ತೇಲುವೇದಿಕೆಯು ಸಿಡಿದು ಹನ್ನೊಂದು ಮಂದಿ ಕೆಲಸಗಾರರು ಸತ್ತರು. ಜುಲೈ 15ರಂದು ಬಾವಿಯ ಬಾಯನ್ನು ಮುಚ್ಚುವವರೆಗೂ ಕಡಲ ತಳದಿಂದ ತೈಲವು ಉಕ್ಕುತ್ತಲೇ ಇದ್ದಿತು. ಹೀಗೆ ಹೊರಬಂದ ತೈಲವು ಒಟ್ಟು 49 ಲಕ್ಷ ಪೀಪಾಯಿಗಳಷ್ಟೆಂದು ಆ ದೇಶದ ಸರಕಾರದ ವಿಜ್ಞಾನಿಗಳು ಅಂದಾಜು ಮಾಡಿದರು. ಸಾವಿರಾರು ದೋಣಿಗಳೂ ಹಡಗುಗಳೂ ತಿಂಗಳುಗಟ್ಟಲೆ ದುಡಿದುವು. ಕಟ್ಟಕಡೆಗೆ ಲೆಕ್ಕ ಹಾಕಿದಾಗ, ಯಂತ್ರಗಳ ನೆರವಿನಿಂದ ಕಡಲ ಮೇಲಿಂದ ಎತ್ತಿದ್ದು ನೂರರಲ್ಲಿ 3 ಪಾಲು. ಸುಟ್ಟದ್ದು 5 ಪಾಲು. ಎರಡೂ ಸೇರಿದರೆ 8. ಆದರೆ ಬಾವಿಯ ಬಾಯಿಯಲ್ಲಿಯೇ, ಹರಡುವ ಮುನ್ನವೇ, ಕೊಳವೆಯಿಟ್ಟು ಹಿಡಿದದ್ದು 17 ಪಾಲು.

ಈ ಮೂರು ಅಂಕಿಗಳಲ್ಲಿ ನಮ್ಮ ಲೇಖನದ ಸಾರವೆಲ್ಲ ಅಡಗಿದೆಯೆನ್ನಬಹುದು. ಒಂದೆಡೆ ಇರುವ ಎಣ್ಣೆಯನ್ನು ಹಿಡಿಯಬಹುದು. ಹರಡಿದ ಎಣ್ಣೆಯನ್ನು ಹಿಡಿಯುವುದು ಬಲು ಕಷ್ಟ. ಎಣ್ಣೆಯು ನೀರಿನ ಮೇಲೆ ಏಕೆ ಹರಡುತ್ತದೆ, ಎಷ್ಟು ತೆಳುವಾಗುತ್ತದೆ, ಆ ತೆಳುವಿನಿಂದ ನಮಗೆ ಆಗುವ ಉಪಕಾರವೇನು, ಅಪಕಾರವೇನು ಎಂಬುದನ್ನು ಈಗ ವಿಚಾರ ಮಾಡೋಣ.

ಒಂದು ಚಮಚ ಎಣ್ಣೆ, ಅರ್ಧ ಎಕರೆ ಕೊಳ

ಸಿಡಿಲಿನ ವಿಚಾರದಲ್ಲಿ ಹೆಸರಾದ ಬೆಂಜಮಿನ್ ಫ್ರಾಂಕ್ಲಿನನಿಗೆ ಎಣ್ಣೆಯ ವಿಷಯದಲ್ಲಿಯೂ ಕುತೂಹಲವಿದ್ದಿತು. ಲಂಡನ್ನಿನ ಕ್ಲಾಪ್‌ಹ್ಯಾಮ್ ಎಂಬಲ್ಲಿ, ಗಾಳಿಯಿಂದ ಕದಡಿದ್ದ ಕೊಳವೊಂದರ ಮೇಲೆ ಅವನು ಒಂದು ಚಮಚದಷ್ಟು ಎಣ್ಣೆಯನ್ನು ಸುರಿದನು. ಎಣ್ಣೆಯು ನೋಡನೋಡುತ್ತಿರುವಂತೆಯೇ ಹರಡುತ್ತ ಹೋಗಿ, ಸುಮಾರು ಅರ್ಧ ಎಕರೆಯಷ್ಟು ನೀರಿನ ಮೇಲಣ ಕಿರಿಯ ಅಲೆಗಳೆಲ್ಲ ಅಡಗಿದುವು. ಈ ಪ್ರಯೋಗದ ವರದಿ 1774ರಲ್ಲಿ ಪ್ರಕಟವಾಯಿತು. ಫ್ರಾಂಕ್ಲಿನನು ಮಾಡದೆ ಬಿಟ್ಟ ಒಂದು ಭಾಗಾಕಾರವನ್ನು ನಾವು ಮಾಡಿ ನೋಡಬಹುದು. ಚಮಚದ ಎಣ್ಣೆ ಸುಮಾರು 5 ಘನ ಸೆಂಟಿಮೀಟರ್. ಅರ್ಧ ಎಕರೆಯೆಂದರೆ ಸುಮಾರು 2000 ಚದರ ಮೀಟರ್. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಪೊರೆಯ ದಪ್ಪವು ಒಂದು ಮಿಲಿಮೀಟರಿನ ಹತ್ತು ಲಕ್ಷ ಭಾಗಗಳಲ್ಲಿ ಎರಡೂವರೆ ಭಾಗವಾಗುತ್ತದೆ! ಇದು ಎಣ್ಣೆಯ ಒಂದೇ ಒಂದು ಅಣುವಿನ ಉದ್ದಕ್ಕೆ ಸಮೀಪವಾದ ಅಳತೆ. ಫ್ರಾಂಕ್ಲಿನನು ಅರಿಯದೆಯೇ ಅಣುವನ್ನು ಅಳೆಯುವ ಹೊಸ್ತಿಲಿಗೆ ಬಂದಿದ್ದನು.

ಇದರ ಕಿರಿಯ ರೂಪವನ್ನು ವಿದ್ಯಾರ್ಥಿಗಳು ಮನೆಯಲ್ಲಿಯೇ ಮಾಡಿ ನೋಡಬಹುದು. ಚೆನ್ನಾಗಿ ತೊಳೆದ ಅಗಲವಾದ ತಟ್ಟೆಯಲ್ಲಿ ನೀರನ್ನು ತುಂಬಿ, ಅಲುಗದಂತೆ ನಿಲ್ಲಿಸಿ, ಮುಖಕ್ಕೆ ಹಚ್ಚುವ ಪೌಡರನ್ನು ಅದರ ಮೇಲೆ ತೆಳುವಾಗಿ ಉದುರಿಸಬೇಕು. ಸೂಜಿಯ ತುದಿಯನ್ನು ಹರಳೆಣ್ಣೆಯಲ್ಲಿ ಅದ್ದಿ ನೀರಿನ ನಡುವೆ ಮುಟ್ಟಿಸಿದ ಕೂಡಲೆ ಪುಡಿಯು ಸುತ್ತಲೂ ಸರಿದು, ನಡುವೆ ದುಂಡನೆಯ ಬಯಲೊಂದು ಏರ್ಪಡುತ್ತದೆ. ಪುಡಿಯನ್ನು ಹೀಗೆ ನೂಕಿದುದು ಯಾವುದು?

ನೀರಿನ ಮೇಲ್ಮೈಯು ಬಿಗಿದ ತೊಗಲಿನಂತೆ ವರ್ತಿಸುತ್ತದೆಯೆಂಬುದನ್ನು ನಮ್ಮ ವಾಚಕರು ಪಠ್ಯಪುಸ್ತಕಗಳಲ್ಲಿ ಓದಿಯೇ ಇದ್ದಾರೆ. ಇದೇ ಮೇಲ್ಮೈ ಎಳೆತ. ಎಣ್ಣೆಯ ಅಂಚಿನಲ್ಲಿ ಒಂದು ಹಗ್ಗಜಗ್ಗಾಟವೇ ನಡೆಯುತ್ತದೆ. ಹೊರಗಿನಿಂದ ನೀರಿನ ಎಳೆತ. ಒಳಗಿನಿಂದ ಎಣ್ಣೆಯ ಎಳೆತ ಮತ್ತು ಎಣ್ಣೆ ನೀರುಗಳು ಕೂಡುವ ತಳದ ಎಳೆತ. ಶುದ್ಧವಾದ ನೀರಿನ ಎಳೆತವು ಒಳಗಿನ ಎರಡರ ಮೊತ್ತಕ್ಕಿಂತಲೂ ಹೆಚ್ಚಾಗಿದ್ದರೆ ಹೊರಗಿನದೇ ಗೆಲ್ಲುತ್ತದೆ. ಎಣ್ಣೆ ಹರಡುತ್ತ ಹೋಗುತ್ತದೆ. ಸಾರಿನ ಮೇಲೆ ಅದು ಬಿಲ್ಲೆಗಳಾಗಿ ನಿಲ್ಲುವುದಕ್ಕೆ ಕಾರಣವೂ ಈಗ ತಿಳಿಯುತ್ತದೆ. ಸಾರಿನ ಮೇಲ್ಮೈಯಲ್ಲಿ ಬೇಳೆಯ ಮತ್ತು ಎಣ್ಣೆಯ ಅಂಶವು ಮೊದಲೇ ಹರಡಿಕೊಂಡು ಅದರ ಎಳೆತವನ್ನು ಕುಗ್ಗಿಸಿಬಿಟ್ಟಿರುತ್ತದೆ. ಎಣ್ಣೆಯನ್ನು ಹೊರಕ್ಕೆ ಎಳೆಯುವ ಬಲವು ಅಲ್ಲಿ ಉಳಿದಿರುವುದಿಲ್ಲ. ಕಡಲು ಸಾರಿನ ಪಾತ್ರೆಯಲ್ಲ.

ಹಡಗಿನಿಂದ ಟನ್ನುಗಟ್ಟಲೆ ಎಣ್ಣೆ ಸುರಿದಾಗ ಮೊದಮೊದಲು ಅದರ ತೂಕವೇ ಅದನ್ನು ಹರಡುತ್ತದೆ. ಹಿಟ್ಟಿನ ತೆಳು ಸಂಪಣ ಕಾವಲಿಯ ಮೇಲೆ ತಾನಾಗಿ ಹರಿದಂತೆ. ಪೊರೆಯು ತೆಳುವಾದ ಮೇಲೆ ತೂಕದ ಬಲ ಕುಂದಿ, ಮೇಲ್ಮೈ ಎಳೆತವು ಆ ಕೆಲಸವನ್ನು ವಹಿಸಿಕೊಳ್ಳುತ್ತದೆ. ಕೆಳಗಿನ ನೀರಿನ ಸ್ನಿಗ್ಧತೆಯು ಇದಕ್ಕೆ ಅಡ್ಡಿಯೊಡ್ಡುತ್ತದೆಯೇ ಹೊರತು ತಡೆಯಲಾರದು. ಅಮೆರಿಕದ ಜೇಮ್ಸ್ ಫೇ ಎಂಬ ವಿಜ್ಞಾನಿ 1969ರ ಸುಮಾರಿಗೆ ಈ ಹಂತಗಳ ಗಣಿತವನ್ನು ರೂಪಿಸಿದನು. ನಮ್ಮ ಉದ್ದೇಶಕ್ಕೆ ಒಂದು ಸುಲಭದ ಲೆಕ್ಕ ಸಾಕು. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೆ ಮೈಕ್ರಾನ್ ಎಂದು ಹೆಸರು. ಒಂದು ಮೈಕ್ರಾನ್ ದಪ್ಪದ ಪೊರೆಯನ್ನು ಒಂದು ಚದರ ಕಿಲೋಮೀಟರಿನಷ್ಟು ಹಾಸುವುದಕ್ಕೆ ಬೇಕಾದ ಎಣ್ಣೆ ಒಂದು ಘನ ಮೀಟರ್, ಎಂದರೆ 1000 ಲೀಟರ್ ಮಾತ್ರ. ಬೆಂಗಳೂರಿನ ಲಾಲ್‌ಬಾಗ್ ತೋಟದ ವಿಸ್ತೀರ್ಣ ಸುಮಾರು 240 ಎಕರೆ, ಹೆಚ್ಚುಕಡಮೆ ಒಂದು ಚದರ ಕಿಲೋಮೀಟರ್. ಒಂದು ಟನ್ನಿಗಿಂತಲೂ ಕಡಮೆಯಾದ ಎಣ್ಣೆಯಿಂದ ಅಷ್ಟು ಜಾಗವನ್ನು ಮುಚ್ಚಬಹುದೆಂದ ಮೇಲೆ, ನೂರಾರು ಟನ್ನು ಸುರಿದರೆ ಏನಾದೀತೆಂಬುದನ್ನು ಓದುಗರೇ ಊಹಿಸಿಕೊಳ್ಳಲಿ.

ಬಣ್ಣವೇ ಅಳತೆಗೋಲು

ಇಷ್ಟು ತೆಳುವಾದ ಪೊರೆಯ ದಪ್ಪವನ್ನು ಅಳೆಯುವುದು ಹೇಗೆ? ಪ್ರಕೃತಿಯೇ ಅದಕ್ಕೊಂದು ಅಳತೆಗೋಲನ್ನು ಒದಗಿಸಿದೆ. ಮಳೆಯಲ್ಲಿ ನೆನೆದ ಟಾರು ರಸ್ತೆಯ ಮೇಲೆ ಮೋಟಾರಿನ ಎಣ್ಣೆ ತೊಟ್ಟಿಕ್ಕಿದಾಗ ಕಾಣುವ ಕಾಮನಬಿಲ್ಲಿನ ಬಣ್ಣಗಳನ್ನು ನೋಡದವರಿಲ್ಲ. ಬಿದ್ದ ಬೆಳಕಿನ ಒಂದು ಪಾಲು ಪೊರೆಯ ಮೇಲ್ಮೈಯಿಂದಲೂ ಇನ್ನೊಂದು ಪಾಲು ಅದರ ತಳದಿಂದಲೂ ಹಿಂದಿರುಗುತ್ತವೆ. ಎರಡನೆಯ ಪಾಲು ಪೊರೆಯನ್ನು ಹೊಕ್ಕು ಹೊರಬರಬೇಕಾದುದರಿಂದ ಸ್ವಲ್ಪ ಹಿಂದೆ ಬೀಳುತ್ತದೆ. ಹಿಂದೆ ಬಿದ್ದ ದೂರಕ್ಕೂ ಬೆಳಕಿನ ತರಂಗದೂರಕ್ಕೂ ಹೊಂದಿಕೆಯಾದ ಬಣ್ಣ ಬಲಗೊಳ್ಳುತ್ತದೆ. ಹೊಂದದ ಬಣ್ಣ ಅಳಿಯುತ್ತದೆ. ಇದಕ್ಕೆ ವ್ಯತಿಕರಣವೆಂದು ಹೆಸರು. ಪೊರೆಯ ದಪ್ಪ ಬದಲಾದಂತೆ ಬಣ್ಣವೂ ಬದಲಾಗುವುದು ಸಹಜವೇ ಸರಿ.

ಯೂರೋಪಿನ ಉತ್ತರ ಸಮುದ್ರದ ಸುತ್ತಣ ದೇಶಗಳು ‘ಬಾನ್ ಒಪ್ಪಂದ’ವೆಂಬ ಒಡಂಬಡಿಕೆಯ ಮೇರೆಗೆ, ವಿಮಾನದಿಂದ ಕಂಡ ಬಣ್ಣವನ್ನು ದಪ್ಪಕ್ಕೆ ಪರಿವರ್ತಿಸುವ ಕ್ರಮವೊಂದನ್ನು ಬಳಕೆಗೆ ತಂದಿವೆ. ಬರಿಯ ಬೆಳ್ಳಿಯ ಹೊಳಪು ಕಂಡರೆ ಪೊರೆಯ ದಪ್ಪ 0.04 ರಿಂದ 0.3 ಮೈಕ್ರಾನ್. ಕಾಮನಬಿಲ್ಲಿನ ಬಣ್ಣಗಳು ಕಂಡರೆ 0.3 ರಿಂದ 5 ಮೈಕ್ರಾನ್. ಲೋಹದಂತಹ ಮಂಕು ಹೊಳಪಿದ್ದರೆ 5 ರಿಂದ 50. ಐವತ್ತನ್ನು ಮೀರಿದಾಗ ಎಣ್ಣೆಯ ನಿಜವಾದ ಕಪ್ಪು ಕಂದು ಬಣ್ಣ ಅಲ್ಲಲ್ಲಿ ತಲೆದೋರುತ್ತದೆ. ಇನ್ನೂರನ್ನು ಮೀರಿದರೆ ಅದು ಎಡೆಬಿಡದ ಹಾಸಾಗಿ ಕಾಣುತ್ತದೆ.

ಇಲ್ಲಿ ಕಣ್ಣು ನಮ್ಮನ್ನು ಮೋಸಗೊಳಿಸುವ ಬಗೆಯನ್ನು ಗಮನಿಸಬೇಕು. ಹತ್ತು ಚದರ ಕಿಲೋಮೀಟರು ಹರಡಿದ, ಒಂದು ಮೈಕ್ರಾನ್ ದಪ್ಪದ ಬಣ್ಣಬಣ್ಣದ ಪೊರೆಯು ಮೇಲಿನಿಂದ ನೋಡುವವನಿಗೆ ಭಯಂಕರವಾಗಿ ತೋರುತ್ತದೆ. ಅದರಲ್ಲಿರುವ ಎಣ್ಣೆ 10,000 ಲೀಟರ್. ಅದರ ಮಗ್ಗುಲಲ್ಲಿ ಕಾಲು ಚದರ ಕಿಲೋಮೀಟರಿನ ಒಂದು ಕಪ್ಪು ಪಟ್ಟಿಯಿದ್ದು, ಅದರ ದಪ್ಪ 200 ಮೈಕ್ರಾನ್ ಎಂದಿಟ್ಟುಕೊಳ್ಳೋಣ. ಅದರಲ್ಲಿರುವ ಎಣ್ಣೆ 50,000 ಲೀಟರ್! ನೂರರಲ್ಲಿ ತೊಂಬತ್ತು ಪಾಲು ಎಣ್ಣೆಯು ಪೊರೆಯ ಹತ್ತು ಪಾಲು ಜಾಗದಲ್ಲಿರುತ್ತದೆಂಬುದು ಈ ಕೆಲಸದಲ್ಲಿ ನುರಿತವರ ಅನುಭವಸೂತ್ರ. ಆದುದರಿಂದ ಎಣ್ಣೆ ಎಲ್ಲಿದೆಯೆಂದು ತಿಳಿದರೆ ಸಾಲದು. ದಪ್ಪ ಎಲ್ಲಿದೆಯೆಂಬುದನ್ನು ತಿಳಿಯಬೇಕು. ಇರುವ ಕೆಲವೇ ದೋಣಿಗಳನ್ನು ಬಣ್ಣದ ಬೆನ್ನುಹತ್ತಿ ಕಳುಹಿಸಿದರೆ ದಿನವೇ ಹಾಳಾಗುತ್ತದೆ.

ಇರುಳಿನಲ್ಲಿ ನೋಡುವ ಕಣ್ಣು

ಬಣ್ಣವನ್ನು ನೋಡುವುದಕ್ಕೆ ಹಗಲಾಗಬೇಕು, ಮೋಡ ಮಂಜುಗಳಿರಬಾರದು. ಹಡಗುಗಳಾದರೋ ನಡುರಾತ್ರಿಯಲ್ಲಿಯೂ ಬಿರುಮಳೆಯಲ್ಲಿಯೂ ಒಡೆಯುತ್ತವೆ. ಇಲ್ಲಿ ನೆರವಿಗೆ ಬರುವುದು ರೇಡಾರ್. ಭೂಮಿಯನ್ನು ನೂರಾರು ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಕೃತಕ ಉಪಗ್ರಹವು ಸೂಕ್ಷ್ಮತರಂಗಗಳನ್ನು ಓರೆಯಾಗಿ ಕಡಲ ಮೇಲೆ ಬೀರಿ, ಮರಳಿ ಬಂದುದನ್ನು ಸಂಗ್ರಹಿಸಿ ಚಿತ್ರವನ್ನು ರಚಿಸುತ್ತದೆ. ಈ ತರಂಗಗಳಿಗೆ ಮೋಡ ಅಡ್ಡಿಯಲ್ಲ, ಇರುಳೂ ಅಡ್ಡಿಯಲ್ಲ. ಯೂರೋಪಿನ ‘ಸೆಂಟಿನೆಲ್-1’ ಉಪಗ್ರಹಗಳೂ, 2022ರ ಫೆಬ್ರವರಿ 14ರಂದು ನಮ್ಮ ಇಸ್ರೋ ಸಂಸ್ಥೆಯು ಹಾರಿಸಿದ ‘ಇ.ಓ.ಎಸ್.-04’ ಉಪಗ್ರಹವೂ ಈ ಬಗೆಯವು. ಅವುಗಳ ತರಂಗದೂರ ಸುಮಾರು 5.6 ಸೆಂಟಿಮೀಟರ್.

ಕಡಲು ಕನ್ನಡಿಯಂತೆ ನುಣುಪಾಗಿದ್ದರೆ ಓರೆಯಾಗಿ ಬಿದ್ದ ತರಂಗಗಳು ಮುಂದಕ್ಕೇ ಚಿಮ್ಮಿ ಹೋಗುತ್ತವೆ. ಉಪಗ್ರಹಕ್ಕೆ ಮರಳಿ ಬರುವುದು ಏನೂ ಇಲ್ಲ. ಆದರೆ ಗಾಳಿಯು ನೀರಿನ ಮೇಲೆ ಅಂಗೈಯಗಲದ ಕಿರುತೆರೆಗಳನ್ನು ಎಬ್ಬಿಸುತ್ತಿರುತ್ತದೆ. ಒಂದರ ಹಿಂದೊಂದು ಸಾಲಾಗಿ ಬರುವ ತೆರೆಗಳ ನಡುವಣ ಅಂತರವು ತಕ್ಕಷ್ಟಿದ್ದರೆ, ಪ್ರತಿಯೊಂದು ತೆರೆಯಿಂದ ಹಿಂದಿರುಗಿದ ತರಂಗವೂ ಹೆಜ್ಜೆಗೆ ಹೆಜ್ಜೆ ಕೂಡಿ ಬಲವಾದ ಪ್ರತಿಧ್ವನಿಯಾಗುತ್ತದೆ. ಹರಳುಗಳ ಮೇಲೆ ಎಕ್ಸ್-ಕಿರಣಗಳನ್ನು ಬಿಟ್ಟು ಬ್ರ್ಯಾಗ್ ತಂದೆಮಕ್ಕಳು ಕಂಡುಕೊಂಡ ನಿಯಮವೇ ಇಲ್ಲಿಯೂ ಕೆಲಸ ಮಾಡುತ್ತದೆ. ಲಂಬದಿಂದ 30 ಡಿಗ್ರಿ ಓರೆಯಾಗಿ ಬಿದ್ದ 5.6 ಸೆಂಟಿಮೀಟರಿನ ರೇಡಾರ್ ಅಲೆಗೆ ತಕ್ಕ ನೀರಿನ ತೆರೆಯ ಉದ್ದವೂ 5.6 ಸೆಂಟಿಮೀಟರೇ ಆಗುತ್ತದೆ.

ಫ್ರಾಂಕ್ಲಿನನ ಕೊಳದಲ್ಲಿ ಎಣ್ಣೆಯು ಅಡಗಿಸಿದುದು ಇಂಥ ಕಿರುತೆರೆಗಳನ್ನೇ. ತೆರೆಯು ಹಾಯುವಾಗ ನೀರಿನ ಮೇಲ್ಮೈ ಒಂದೆಡೆ ಹಿಗ್ಗುತ್ತದೆ, ಇನ್ನೊಂದೆಡೆ ಕುಗ್ಗುತ್ತದೆ. ಮೇಲೆ ಎಣ್ಣೆಯ ಪೊರೆಯಿದ್ದರೆ, ಹಿಗ್ಗಿದೆಡೆ ಅದು ವಿರಳವಾಗಿ ಎಳೆತ ಹೆಚ್ಚುತ್ತದೆ. ಕುಗ್ಗಿದೆಡೆ ದಟ್ಟವಾಗಿ ಎಳೆತ ಕಡಮೆಯಾಗುತ್ತದೆ. ಈ ಏರುಪೇರು ಮೇಲ್ಮೈಯ ನೀರನ್ನು ಹಿಂದಕ್ಕೂ ಮುಂದಕ್ಕೂ ಜಗ್ಗಿ, ತೆರೆಯ ಶಕ್ತಿಯನ್ನು ಘರ್ಷಣೆಯಲ್ಲಿ ಕಳೆದುಬಿಡುತ್ತದೆ. ಕಿರುತೆರೆಗಳು ಅಡಗಿದ ಕಡೆ ಪ್ರತಿಧ್ವನಿಯೂ ಅಡಗುತ್ತದೆ. ರೇಡಾರಿನ ಚಿತ್ರದಲ್ಲಿ ಬೂದುಬಣ್ಣದ ಕಡಲ ನಡುವೆ ಕಪ್ಪು ಕಲೆಯಾಗಿ ಕಾಣುವುದೇ ಎಣ್ಣೆ.

ಆದರೆ ಕಪ್ಪು ಕಲೆಗಳೆಲ್ಲ ಎಣ್ಣೆಯಲ್ಲ. ಗಾಳಿಯ ವೇಗವು ಸೆಕೆಂಡಿಗೆ ಎರಡು ಮೂರು ಮೀಟರಿಗಿಂತ ಕಡಮೆಯಾದರೆ ಕಿರುತೆರೆಗಳೇ ಏಳುವುದಿಲ್ಲ, ಕಡಲೆಲ್ಲ ಕಪ್ಪು. ಹತ್ತು ಹನ್ನೆರಡು ಮೀಟರನ್ನು ಮೀರಿದರೆ ದೊಡ್ಡ ಅಲೆಗಳು ಎಣ್ಣೆಯನ್ನು ಒಳಕ್ಕೆ ಕಲಕಿ ಅಡಗಿಸಿಬಿಡುತ್ತವೆ. ಕಡಲಿನ ಸೂಕ್ಷ್ಮಜೀವಿಗಳು ಸ್ರವಿಸುವ ಜಿಡ್ಡೂ ಎಣ್ಣೆಯಂತೆಯೇ ತೆರೆಗಳನ್ನು ಅಡಗಿಸುತ್ತದೆ. ಆದುದರಿಂದ ಉಪಗ್ರಹವು ಸಂಶಯಪಟ್ಟ ಜಾಗಕ್ಕೆ ವಿಮಾನ ಹೋಗಿ ನೋಡಬೇಕು. ಅತಿನೇರಿಳೆ ಕಿರಣಗಳ ಕ್ಯಾಮರಾ ತೀರ ತೆಳುವಾದ ಪೊರೆಯನ್ನೂ ತೋರಿಸುತ್ತದೆ. ಅವಕೆಂಪು ಕಿರಣಗಳ ಕ್ಯಾಮರಾಕ್ಕೆ ತೆಳುವಾದುದು ಕಾಣುವುದಿಲ್ಲ, ಬಿಸಿಲನ್ನು ಹೀರಿ ಬೆಚ್ಚಗಾದ ದಪ್ಪ ಎಣ್ಣೆ ಮಾತ್ರ ಕಾಣುತ್ತದೆ. ಎರಡು ಚಿತ್ರಗಳನ್ನೂ ಒಂದರ ಮೇಲೊಂದಿಟ್ಟರೆ ಎಣ್ಣೆಯ ಎಲ್ಲೆಯೂ ಅದರ ಗಟ್ಟಿ ತಿರುಳೂ ಒಟ್ಟಿಗೆ ಗೋಚರಿಸುತ್ತವೆ. ಲೇಸರ್ ಕಿರಣವನ್ನು ಬಿಟ್ಟಾಗ ಎಣ್ಣೆಯು ಹೊರಸೂಸುವ ಪ್ರತಿದೀಪ್ತಿಯಿಂದ ಅದು ಎಣ್ಣೆಯೇ ಹೌದೆ, ಯಾವ ಜಾತಿಯದು ಎಂಬುದನ್ನೂ ತಕ್ಕಮಟ್ಟಿಗೆ ಹೇಳಬಹುದು.

ನಾಳೆ ಎಲ್ಲಿರುವುದು?

ಎಣ್ಣೆ ಇಂದು ಎಲ್ಲಿದೆಯೆಂದು ತಿಳಿದಾಯಿತು. ಕೆಲಸದವರಿಗೆ ಬೇಕಾಗಿರುವುದು ನಾಳೆ ಅದು ಎಲ್ಲಿರುವುದೆಂಬ ಉತ್ತರ. ಇಲ್ಲಿಯ ಮೂಲನಿಯಮ ಬಹು ಸರಳ: ಎಣ್ಣೆಯು ನೀರಿನ ಹರಿವಿನೊಡನೆ ಪೂರ್ತಿಯಾಗಿಯೂ, ಗಾಳಿಯೊಡನೆ ಅದರ ವೇಗದ ನೂರರಲ್ಲಿ ಸುಮಾರು 3 ಪಾಲಿನಷ್ಟೂ ಸಾಗುತ್ತದೆ. ಉಳಿದುದು ಸದಿಶಗಳ ಸಂಕಲನ. ಗಾಳಿಯು ಪಡುವಣದಿಂದ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಬೀಸುತ್ತಿದೆ, ನೀರು ತೆಂಕಣಕ್ಕೆ ಸೆಕೆಂಡಿಗೆ 0.4 ಮೀಟರ್ ಹರಿಯುತ್ತಿದೆ ಎಂದು ಭಾವಿಸೋಣ. ಗಾಳಿಯು ಎಣ್ಣೆಗೆ ಕೊಡುವ ವೇಗ ಮೂಡಣಕ್ಕೆ 0.3 ಮೀಟರ್. ಪೈಥಾಗೊರಸನ ಪ್ರಮೇಯದಂತೆ ಒಟ್ಟು ವೇಗ 0.5 ಮೀಟರ್, ದಿನಕ್ಕೆ 43 ಕಿಲೋಮೀಟರ್. ಕರಾವಳಿಯು ಮೂಡಣಕ್ಕೆ 26 ಕಿಲೋಮೀಟರ್ ದೂರದಲ್ಲಿದ್ದರೆ ಒಂದು ದಿನದಲ್ಲಿ ಎಣ್ಣೆ ತೀರವನ್ನು ಮುಟ್ಟುತ್ತದೆ. ಆದರೆ ಅಪಘಾತವಾದ ಜಾಗದ ಎದುರಿಗಲ್ಲ, ಅಲ್ಲಿಂದ 35 ಕಿಲೋಮೀಟರ್ ತೆಂಕಣಕ್ಕೆ. ಎದುರಿನ ಊರಿನಲ್ಲಿ ಕಾದು ಕುಳಿತವರಿಗೆ ಏನೂ ಸಿಕ್ಕದು.

ಗಣಿತವು ಸುಲಭವಾದರೂ ಅದಕ್ಕೆ ಬೇಕಾದ ಅಂಕಿಗಳು ಸುಲಭವಾಗಿ ದೊರಕುವಂಥವಲ್ಲ. ನಮ್ಮ ನಾಡಿನ ಕಡಲಿನಲ್ಲಿಯೇ ನಡೆದ ಒಂದು ಘಟನೆ ಇದಕ್ಕೆ ನಿದರ್ಶನ. 2006ರ ಮೇ 30ರಂದು ‘ಓಷನ್ ಸೆರಾಯಾ’ ಎಂಬ ಸರಕಿನ ಹಡಗು ಕಾರವಾರದ ಬಳಿಯ ಆಯ್‌ಸ್ಟರ್ ರಾಕ್ ದ್ವೀಪದ ಬಂಡೆಗಳಿಗೆ ಸಿಕ್ಕಿ ಒಡೆಯಿತು. ಅದರಲ್ಲಿ ಸುಮಾರು 650 ಟನ್ನು ಇಂಧನ ತೈಲವಿದ್ದಿತು. ಮುಂಗಾರಿನ ಕಡಲು ಕೆರಳಿದ್ದ ದಿನಗಳವು. ಸೋರಿದ ಎಣ್ಣೆ ಕಾರವಾರದ ನೆರೆಯಲ್ಲಿ ಮಾತ್ರವೇ ನಿಲ್ಲದೆ ದಕ್ಷಿಣ ಗೋವೆಯ ತೀರಗಳನ್ನೂ ಸೇರಿತು. ಕರಾವಳಿಗೆ ಹತ್ತಿರದಲ್ಲಿ ಭರತ ಇಳಿತಗಳೂ, ನೆಲದ ತಿರುವುಗಳೂ, ದ್ವೀಪಗಳೂ ಹರಿವನ್ನು ಗಳಿಗೆಗೊಮ್ಮೆ ಬದಲಾಯಿಸುತ್ತವೆ. ಇಂತಹ ಕಡೆ ವರ್ಷದ ಸರಾಸರಿ ಹರಿವನ್ನು ನೆಚ್ಚಿ ಕೂಡುವಂತಿಲ್ಲ. ಆ ದಿನದ ಗಾಳಿ, ಆ ಹೊತ್ತಿನ ಹರಿವು ತಿಳಿಯಬೇಕು. ಹೈದರಾಬಾದಿನಲ್ಲಿರುವ ‘ಇನ್‌ಕಾಯಿಸ್’ ಎಂಬ ಭಾರತೀಯ ಸಾಗರ ಮಾಹಿತಿ ಕೇಂದ್ರವು ಈ ಅಂಕಿಗಳನ್ನು ಗಣಕಯಂತ್ರಕ್ಕೆ ಒದಗಿಸಿ, ಸೋರಿದ ಎಣ್ಣೆಯ ದಾರಿಯನ್ನು ಮುಂದಾಗಿ ಸೂಚಿಸುವ ಏರ್ಪಾಡನ್ನು ಮಾಡಿಕೊಂಡಿದೆ. ಕಡಲಿನ ಮೇಲೆ ಎಣ್ಣೆಯನ್ನು ಎದುರಿಸುವ ಹೊಣೆ ನಮ್ಮ ದೇಶದಲ್ಲಿ ಕರಾವಳಿ ರಕ್ಷಣಾ ಪಡೆಯದು.

ಬೇಲಿ ಮತ್ತು ಸೌಟು

ಎಣ್ಣೆಯ ತಿರುಳು ಇರುವ ಜಾಗಕ್ಕೆ ದೋಣಿಗಳು ತಲಪಿದುವೆನ್ನೋಣ. ಮೊದಲ ಕೆಲಸ ಹರಡಿದುದನ್ನು ಮರಳಿ ಕೂಡಿಸಿ ದಪ್ಪಗೊಳಿಸುವುದು. ಇದಕ್ಕೆ ನಾವಿಕರು ‘ಬೂಮ್’ ಎಂದು ಕರೆಯುವ ತೇಲುವ ಬೇಲಿಯನ್ನು ಬಳಸುತ್ತಾರೆ. ಮೇಲೆ ಗಾಳಿ ತುಂಬಿದ ಕೊಳವೆ, ಕೆಳಗೆ ನೀರಿನಲ್ಲಿ ಇಳಿಬಿದ್ದ ಸೆರಗು. ಎರಡು ದೋಣಿಗಳು ಇದರ ಎರಡು ತುದಿಗಳನ್ನು ಹಿಡಿದು ಮೆಲ್ಲಗೆ ಎಳೆದರೆ ಬಲೆಯಲ್ಲಿ ಮೀನು ಸೇರಿದಂತೆ ನಡುವೆ ಎಣ್ಣೆ ಸೇರುತ್ತದೆ. ಮೆಲ್ಲಗೆ ಎಂಬ ಮಾತು ಇಲ್ಲಿ ಮುಖ್ಯ. ಬೇಲಿಗೆ ಲಂಬವಾಗಿ ಬರುವ ನೀರಿನ ವೇಗವು ಸೆಕೆಂಡಿಗೆ ಸುಮಾರು 0.35 ಮೀಟರನ್ನು ಮೀರಿದರೆ, ಎಣ್ಣೆಯ ಹನಿಗಳು ಹರಿದು ಸೆರಗಿನ ಅಡಿಯಿಂದ ನುಸುಳಿಕೊಳ್ಳುತ್ತವೆ. ಮನುಷ್ಯನು ನಿಧಾನವಾಗಿ ಅಡ್ಡಾಡುವ ವೇಗಕ್ಕಿಂತಲೂ ಇದು ಕಡಮೆ! ಹೊಳೆಯ ಬಾಯಿಯಲ್ಲಿ ನೀರು 0.7 ಮೀಟರ್ ವೇಗದಲ್ಲಿ ಹರಿಯುತ್ತಿದ್ದರೆ ಏನು ಮಾಡಬೇಕು? ಬೇಲಿಯನ್ನು ಅಡ್ಡಲಾಗಿ ಕಟ್ಟದೆ ಹರಿವಿಗೆ 30 ಡಿಗ್ರಿ ಓರೆಯಾಗಿ ಕಟ್ಟಬೇಕು. ಆಗ ಲಂಬವಾದ ಅಂಶವು ಅರ್ಧಕ್ಕಿಳಿದು ಎಣ್ಣೆಯು ಬೇಲಿಯ ಉದ್ದಕ್ಕೆ ಜಾರುತ್ತ ದಡಕ್ಕೆ ಬರುತ್ತದೆ. ತ್ರಿಕೋಣಮಿತಿಯ ಪಾಠವು ಮೀನುಗಾರರ ಹೊಳೆಯನ್ನು ಕಾಪಾಡುವ ಬಗೆ ಇದು.

ಕೂಡಿಸಿದ ಎಣ್ಣೆಯನ್ನು ಎತ್ತುವ ಯಂತ್ರಕ್ಕೆ ‘ಸ್ಕಿಮ್ಮರ್’ ಎಂದು ಹೆಸರು; ಕೆನೆ ತೆಗೆಯುವ ಸೌಟೆಂದೇ ಅದರ ಅರ್ಥ. ಕೆಲವು ಯಂತ್ರಗಳಲ್ಲಿ ಎಣ್ಣೆಯನ್ನು ಹಿಡಿದು ನೀರನ್ನು ಹಿಡಿಯದ ವಸ್ತುವಿನ ಬಿಲ್ಲೆಗಳು ಅಥವಾ ಉರುಳೆಗಳು ತಿರುಗುತ್ತಿರುತ್ತವೆ. ಅಂಟಿದ ಎಣ್ಣೆಯನ್ನು ಒಂದು ಅಲಗು ಹೆರೆದು ತೊಟ್ಟಿಗೆ ಹಾಕುತ್ತದೆ. ಸ್ವಲ್ಪವೇ ಉಳಿದ ಎಣ್ಣೆಯನ್ನು ಹೀರಿಕೊಳ್ಳುವುದಕ್ಕೆ ಹುಲ್ಲು, ಕೃತಕ ನೂಲಿನ ಹಾಸು ಮೊದಲಾದುವುಗಳನ್ನು ಬಳಸುತ್ತಾರೆ. ನಮ್ಮ ಬೂರುಗದ ಹತ್ತಿಯ ಎಳೆಯ ಮೇಲೆ ಮೇಣದ ಲೇಪವಿರುವುದರಿಂದ ಅದು ನೀರನ್ನು ಒಲ್ಲದೆ, ತನ್ನ ತೂಕದ ಹಲವು ಮಡಿ ಎಣ್ಣೆಯನ್ನು ಹೀರಬಲ್ಲದು.

ಈ ವೇಳೆಗೆ ಕಡಲು ಸುಮ್ಮನಿರುವುದಿಲ್ಲ. ಎಣ್ಣೆಯ ಹಗುರವಾದ ಅಂಶಗಳು ಮೊದಲ ಒಂದೆರಡು ದಿನಗಳಲ್ಲಿಯೇ ಆವಿಯಾಗಿ ಹೋಗುತ್ತವೆ, ಉಳಿದುದು ಮಂದವಾಗುತ್ತದೆ. ಮೇಲಾಗಿ ಅಲೆಗಳು ಅದನ್ನು ಕಡೆಯುತ್ತವೆ. ಹಾಲೆಂದರೆ ನೀರಿನಲ್ಲಿ ಚದುರಿದ ಕೊಬ್ಬಿನ ಹನಿಗಳು. ಬೆಣ್ಣೆಯೆಂದರೆ ಕೊಬ್ಬಿನಲ್ಲಿ ಸೆರೆಸಿಕ್ಕ ನೀರಿನ ಹನಿಗಳು. ಕಡಲು ಎಣ್ಣೆಯಿಂದ ಬೆಣ್ಣೆಯನ್ನು ತೆಗೆಯುತ್ತದೆಯೆನ್ನಬಹುದು. ಒಂದು ಪಾಲು ಎಣ್ಣೆ ಮೂರು ಪಾಲು ನೀರನ್ನು ನುಂಗಿ ನಾಲ್ಕು ಪಾಲಿನಷ್ಟು ಕಂದುಬಣ್ಣದ ಅಂಟು ಮುದ್ದೆಯಾಗುವುದುಂಟು. ಪಂಪುಗಳು ಅದನ್ನು ಎಳೆಯಲಾರವು. ಎತ್ತಿದ್ದನ್ನು ತುಂಬುವುದಕ್ಕೆ ನಾಲ್ಕರಷ್ಟು ಪಾತ್ರೆಗಳು ಬೇಕು.

2017ರ ಜನವರಿ 28ರಂದು ಚೆನ್ನೈ ನಗರದ ಉತ್ತರಕ್ಕಿರುವ ಎಣ್ಣೂರಿನ ಬಂದರಿನ ಬಳಿ ಎರಡು ಹಡಗುಗಳು ಡಿಕ್ಕಿ ಹೊಡೆದು ಇಂಧನ ತೈಲ ಸೋರಿತು. ಮಂದವಾದ ಆ ಎಣ್ಣೆಯು ಮುದ್ದೆಗಟ್ಟಿ ದಡದ ಬಂಡೆಗಳ ನಡುವೆ ಸೇರಿಕೊಂಡಿತು. ಪಂಪುಗಳು ಸೋತ ಕಡೆ ಮೀನುಗಾರರೂ, ವಿದ್ಯಾರ್ಥಿಗಳೂ, ರಕ್ಷಣಾಪಡೆಯವರೂ ಸಾಲಾಗಿ ನಿಂತು ಬಕೆಟ್ಟುಗಳಲ್ಲಿ ಕೆಸರನ್ನು ಮೊಗೆದು ಕೈಯಿಂದ ಕೈಗೆ ದಾಟಿಸಿದರು. ಉಪಗ್ರಹದ ಯುಗದಲ್ಲಿ ಬಕೆಟ್ಟೇಕೆ ಎಂದು ನಕ್ಕವರೂ ಉಂಟು. ಆದರೆ ಸ್ನಿಗ್ಧತೆಯ ನಿಯಮಕ್ಕೆ ಯುಗಭೇದವಿಲ್ಲ. ದಡ ಮುಟ್ಟುವ ಮುನ್ನಿನ ಗಳಿಗೆಗಳು ಕೈತಪ್ಪಿದರೆ ಉಳಿಯುವ ಸಾಧನ ಬಕೆಟ್ಟೊಂದೇ.

ಬೆಂಕಿಯೂ ಸೀಗೆಕಾಯಿಯೂ

ಎಣ್ಣೆಗೆ ಬೆಂಕಿಯಿಡಬಾರದೆ ಎಂದು ಕೆಲವರು ಕೇಳಬಹುದು. ಇಡಬಹುದು, ಆದರೆ ಇಲ್ಲಿಯೂ ದಪ್ಪವೇ ಒಡೆಯ. ಪೊರೆಯ ದಪ್ಪ ಕಡಮೆಯೆಂದರೆ ಎರಡು ಮೂರು ಮಿಲಿಮೀಟರ್ ಇರಬೇಕು. ಅದಕ್ಕಿಂತಲೂ ತೆಳುವಾದರೆ ಉರಿಯ ಶಾಖವೆಲ್ಲ ಕೆಳಗಿನ ತಣ್ಣೀರಿಗೆ ಇಳಿದುಹೋಗಿ ಎಣ್ಣೆಯು ಆವಿಯಾಗದೆ ಬೆಂಕಿ ಆರುತ್ತದೆ. ಬಣ್ಣಬಣ್ಣದ ಪೊರೆಯು ಇದಕ್ಕಿಂತ ಸಾವಿರಾರು ಪಟ್ಟು ತೆಳು. ಆದುದರಿಂದ ಮೊದಲು ಬೆಂಕಿಗೆ ಜಗ್ಗದ ಬೇಲಿಯಿಂದ ಎಣ್ಣೆಯನ್ನು ಒಟ್ಟುಗೂಡಿಸಿ, ಆಮೇಲೆ ಕಿಡಿ ತಾಗಿಸಬೇಕು.

ಇನ್ನೊಂದು ಉಪಾಯವಿದೆ. ಹೊಂದಾಣಿಕೆಯಿಲ್ಲದವರನ್ನು ನಾವು ‘ಎಣ್ಣೆ ಸೀಗೆಕಾಯಿ’ ಎನ್ನುತ್ತೇವೆ. ರಸಾಯನಶಾಸ್ತ್ರಕ್ಕೆ ಈ ಗಾದೆ ಒಪ್ಪಿಗೆಯಿಲ್ಲ. ಸೀಗೆಕಾಯಿಯಲ್ಲಿರುವ ಸಪೋನಿನ್ ಅಣುವಿಗೆ ಒಂದು ತುದಿ ಎಣ್ಣೆಯ ಗೆಳೆಯ, ಇನ್ನೊಂದು ನೀರಿನ ಗೆಳೆಯ. ಎರಡು ಪಕ್ಷಗಳ ನಡುವೆ ನಿಂತು ಎಳೆತವನ್ನು ತಗ್ಗಿಸುವ ಸಂಧಾನಕಾರನದು. ಇದೇ ಬಗೆಯ ಅಣುಗಳುಳ್ಳ ದ್ರವವನ್ನು ವಿಮಾನದಿಂದಲೋ ಹಡಗಿನಿಂದಲೋ ಎಣ್ಣೆಯ ಮೇಲೆ ಸಿಂಪಡಿಸಿದರೆ, ಅಲೆಗಳ ಹೊಡೆತಕ್ಕೆ ಎಣ್ಣೆಯು ಕಿರುಹನಿಗಳಾಗಿ ಒಡೆದು ನೀರಿನೊಳಗೆ ಚದುರುತ್ತದೆ. ಬೆಣ್ಣೆಯಾಗಬೇಕಾದುದನ್ನು ಹಾಲಾಗಿಸುವ ವಿದ್ಯೆ ಇದು. ಹನಿಯು ಮೇಲೇರುವ ವೇಗವು ಅದರ ವ್ಯಾಸದ ವರ್ಗವನ್ನು ಅನುಸರಿಸುತ್ತದೆಂಬುದು ಸ್ಟೋಕ್ಸ್ ಎಂಬ ವಿಜ್ಞಾನಿಯ ನಿಯಮ. ಮಿಲಿಮೀಟರಿನ ಇಪ್ಪತ್ತರಲ್ಲೊಂದು ಭಾಗದ ಹನಿಯು ಒಂದು ಗಂಟೆಯಲ್ಲಿ ಏರುವುದು ಅರ್ಧ ಮೀಟರಿಗೆ ತುಸು ಹೆಚ್ಚು ಮಾತ್ರ. ಅಲೆಗಳು ಅದನ್ನು ಮತ್ತೆ ಮತ್ತೆ ಕೆಳಗೆ ತಳ್ಳುವುದರಿಂದ ಅದು ಮೇಲೆ ಬಾರದೆ ನೀರಿನಲ್ಲಿಯೇ ಉಳಿಯುತ್ತದೆ. ಎಣ್ಣೆಯನ್ನು ತಿಂದು ಬದುಕುವ ಬ್ಯಾಕ್ಟೀರಿಯಗಳು ಅದನ್ನು ಕ್ರಮೇಣ ಮುಗಿಸುತ್ತವೆ.

ಆದರೆ ಈ ಉಪಾಯವು ಎಣ್ಣೆಯನ್ನು ತೆಗೆಯುವುದಿಲ್ಲ, ಸ್ಥಳಾಂತರಿಸುತ್ತದೆ. ಮೇಲಿದ್ದ ಹಕ್ಕಿ ಆಮೆಗಳಿಗೆ ಉಪಕಾರವಾದರೆ ಒಳಗಿರುವ ಮೀನಿನ ಮೊಟ್ಟೆಗಳಿಗೆ ಅಪಕಾರವಾಗಬಹುದು. 1967ರ ಮಾರ್ಚ್ 18ರಂದು ‘ಟೋರಿ ಕ್ಯಾನ್ಯನ್’ ಎಂಬ ಹಡಗು ಸುಮಾರು 1,19,000 ಟನ್ನು ತೈಲವನ್ನು ಹೊತ್ತು ಇಂಗ್ಲೆಂಡಿನ ನೈಋತ್ಯ ಮೂಲೆಯ ಬಂಡೆಗಳಿಗೆ ಬಡಿದಾಗ, ಅಲ್ಲಿನ ಅಧಿಕಾರಿಗಳು ಹಡಗಿಗೆ ವಿಮಾನಗಳಿಂದ ಬಾಂಬು ಹಾಕಿಸಿದರು. ಸುಮಾರು 10,000 ಟನ್ನು ಮಾರ್ಜಕವನ್ನು ಸುರಿಸಿದರು. ಅಂದಿನ ಮಾರ್ಜಕ ಎಣ್ಣೆಗಿಂತಲೂ ಹೆಚ್ಚು ವಿಷವಾಗಿದ್ದಿತು. ಬಂಡೆಗಳ ಮೇಲಣ ಚಿಪ್ಪಿನ ಜೀವಿಗಳು ಸತ್ತು, ಅವು ಮೇಯುತ್ತಿದ್ದ ಪಾಚಿ ಮಿತಿಮೀರಿ ಬೆಳೆಯಿತು. ಮಾರ್ಜಕ ಬೀಳದ ತೀರಗಳು ಎರಡು ಮೂರು ವರ್ಷಗಳಲ್ಲಿ ಚೇತರಿಸಿಕೊಂಡುವು. ಅದು ಹೇರಳವಾಗಿ ಬಿದ್ದ ತೀರಗಳಿಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಇಂದಿನ ದ್ರವಗಳು ಅಷ್ಟು ವಿಷಕರವಲ್ಲವಾದರೂ, ಆಳವಿಲ್ಲದ ನೀರಿನಲ್ಲಿಯೂ ಮೀನಿನ ತಾಣಗಳಲ್ಲಿಯೂ ಅವುಗಳನ್ನು ಬಳಸಲು ತಿಳಿದವರು ಹಿಂಜರಿಯುತ್ತಾರೆ. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕೆಂಬ ಈ ತೀರ್ಮಾನವನ್ನು ಯಾವ ಯಂತ್ರವೂ ಮಾಡಿಕೊಡಲಾರದು; ಅದನ್ನು ಅವಸರದಲ್ಲಿ ಮನುಷ್ಯರೇ ಮಾಡಬೇಕು.

ಹರಡುವ ಮುನ್ನ

ಹಿಡಿಯಲಾಗದೆ ಉಳಿದ ಎಣ್ಣೆ ತಿಂಗಳುಗಟ್ಟಲೆ ಕಡಲಿನಲ್ಲಿ ಅಲೆದು, ಹಗುರ ಅಂಶಗಳನ್ನೆಲ್ಲ ಕಳೆದುಕೊಂಡು, ಡಾಂಬರಿನ ಉಂಡೆಗಳಾಗಿ ದಡ ಸೇರುತ್ತದೆ. ಮುಂಗಾರಿನ ಹೊತ್ತಿಗೆ ಕಾರವಾರ, ಗೋವೆಗಳ ಮರಳಿನಲ್ಲಿ ನಡೆದವರ ಅಂಗಾಲಿಗೆ ಅಂಟುವ ಕಪ್ಪು ಜಿಡ್ಡು ಇದೇ. ದೊಡ್ಡ ಅಪಘಾತದಿಂದಲೇ ಇದು ಬರಬೇಕೆಂದಿಲ್ಲ. ಹಡಗುಗಳು ತೊಟ್ಟಿಗಳನ್ನು ತೊಳೆದು ಚೆಲ್ಲಿದ ನೀರೂ ಸಾಕು.

ಹಾಗಾದರೆ ಮನುಷ್ಯಪ್ರಯತ್ನವು ವ್ಯರ್ಥವೆ? ಅಲ್ಲವೆಂಬುದಕ್ಕೆ ಆಧಾರವಿದೆ. ಟೋರಿ ಕ್ಯಾನ್ಯನ್ ಅಪಘಾತದ ತರುವಾಯ, 1973ರಲ್ಲಿ, ಹಡಗುಗಳಿಂದಾಗುವ ಮಾಲಿನ್ಯವನ್ನು ತಡೆಯುವ ಅಂತರರಾಷ್ಟ್ರೀಯ ಒಪ್ಪಂದವೊಂದು ರೂಪುಗೊಂಡಿತು. 1989ರಲ್ಲಿ ಅಲಾಸ್ಕದ ತೀರದಲ್ಲಿ ‘ಎಕ್ಸಾನ್ ವಾಲ್ಡೀಸ್’ ಹಡಗಿನಿಂದ ಸುಮಾರು 37,000 ಟನ್ನು ತೈಲ ಸೋರಿದ ಮೇಲೆ, ತೈಲದ ಹಡಗುಗಳಿಗೆ ಒಂದರೊಳಗೊಂದು ಎರಡು ಒಡಲಿರಬೇಕೆಂಬ ನಿಯಮ ಬಂದಿತು. ತೈಲದ ಹಡಗುಗಳ ಒಡೆಯರ ಅಂತರರಾಷ್ಟ್ರೀಯ ಸಂಸ್ಥೆಯೊಂದು ಇಟ್ಟಿರುವ ಲೆಕ್ಕದಂತೆ, 700 ಟನ್ನಿಗೆ ಮೀರಿದ ಸೋರಿಕೆಗಳು 1970ರ ದಶಕದಲ್ಲಿ ವರ್ಷಕ್ಕೆ ಸರಾಸರಿ 24ಕ್ಕೂ ಹೆಚ್ಚಾಗಿದ್ದುವು; 2010ರ ದಶಕದಲ್ಲಿ ಎರಡಕ್ಕಿಂತಲೂ ಕಡಮೆ. ಈ ಇಳಿತವನ್ನು ತಂದುದು ಬೇಲಿಯೂ ಅಲ್ಲ, ಸೌಟೂ ಅಲ್ಲ. ಕಬ್ಬಿಣದ ಇನ್ನೊಂದು ಗೋಡೆ ಮತ್ತು ಕಟ್ಟುನಿಟ್ಟಾದ ಕಾನೂನು.

ಆದರೂ ಎಚ್ಚರ ತಪ್ಪುವಂತಿಲ್ಲ. 2025ರ ಮೇ 25ರಂದು ಕೇರಳದ ಕೊಚ್ಚಿಯ ಆಚೆ ‘ಎಂ.ಎಸ್.ಸಿ. ಎಲ್ಸಾ-3’ ಎಂಬ ಹಡಗು ಮುಳುಗಿತು. ಅದು ತೈಲ ಸಾಗಿಸುವ ಹಡಗಲ್ಲ, ಪೆಟ್ಟಿಗೆಗಳಲ್ಲಿ ಸರಕನ್ನು ಸಾಗಿಸುವ ಹಡಗು. ಆದರೂ ತನ್ನ ಯಂತ್ರಕ್ಕೆಂದೇ ಅದು ಹೊತ್ತಿದ್ದ ಇಂಧನ 84 ಟನ್ನು ಡೀಸಲ್ ಮತ್ತು 367 ಟನ್ನು ಫರ್ನೇಸ್ ಆಯಿಲ್. ನಮ್ಮ ಕರಾವಳಿಯೆದುರು ಇಂಥ ಹಡಗುಗಳು ದಿನವೂ ಹಾಯುತ್ತಿವೆ.

ಕೊಳದ ಮೇಲೆ ಎಣ್ಣೆ ಸುರಿದ ಫ್ರಾಂಕ್ಲಿನನಿಗೆ ಅದು ಒಂದು ಕೌತುಕ. ಆ ಕೌತುಕವೇ ಇಂದು ಉಪಗ್ರಹದ ಕಣ್ಣಾಗಿದೆ. ಯಾವ ತೆಳುವಿನಿಂದಾಗಿ ಎಣ್ಣೆ ನಮ್ಮ ಕೈಗೆ ಸಿಕ್ಕದೆ ಹೋಗುವುದೋ ಆ ತೆಳುವೇ ಅದನ್ನು ರೇಡಾರಿಗೆ ಹಿಡಿದುಕೊಡುತ್ತದೆ. ಆದರೆ ಕಂಡುದನ್ನೆಲ್ಲ ಹಿಡಿಯಲಾಗದು. ಕಾಣುವುದಕ್ಕೂ ಕೈಗೆ ಸಿಕ್ಕದೆ ಹೋಗುವುದಕ್ಕೂ ನಡುವೆ ಇರುವುದು ಕೆಲವೇ ಗಂಟೆಗಳ ಅವಕಾಶ. ಆ ಗಂಟೆಗಳಲ್ಲಿ ಗಾಳಿಯ ದಿಕ್ಕನ್ನು ಬಲ್ಲವನು, ದಪ್ಪವನ್ನು ತೆಳುವಿನಿಂದ ಬೇರ್ಪಡಿಸಬಲ್ಲವನು, ಬೇಲಿಯನ್ನು ಓರೆಯಾಗಿ ಕಟ್ಟಬಲ್ಲವನು ಸ್ಥಳದಲ್ಲಿದ್ದರೆ ಒಂದು ಹೊಳೆಯ ಬಾಯಿ ಉಳಿಯುತ್ತದೆ, ಒಂದು ಊರಿನ ಮೀನುಗಾರಿಕೆ ಉಳಿಯುತ್ತದೆ. ಇವೆಲ್ಲವೂ ನಮ್ಮ ವಿದ್ಯಾರ್ಥಿಗಳು ಈಗ ಓದುತ್ತಿರುವ ಪಾಠಗಳೇ ಎಂಬುದನ್ನು ನೆನಪಿಸಿ ಲೇಖನವನ್ನು ಮುಗಿಸುತ್ತೇವೆ.